ರಾತ್ರಿ ಬೆವರಿಗೆ ಇನ್ನೊಂದು ಕಾರಣ

ಎಆರ್‌ಟಿ ಕೇಂದ್ರಕ್ಕೆ ಎಚ್‌ಐವಿ ಮಾತ್ರೆ ತರಲು ಹೋದವರಿಗೆ ಪ್ರತಿ ಸಲವೂ ನಾಲ್ಕು ಪ್ರಶ್ನೆ ಎದುರಾಗುತ್ತವೆ. ಕೆಮ್ಮಿದೆಯಾ, ಜ್ವರ ಬರ್ತಿದೆಯಾ, ತೂಕ ಇಳಿದಿದೆಯಾ, ರಾತ್ರಿ ಹೊತ್ತು ಬೆವರುತ್ತಾ? ಕ್ಷಯರೋಗವನ್ನು ಬೇಗ ಹಿಡಿಯಲು ಮಾಡಿಕೊಂಡ ಏರ್ಪಾಡು ಇದು. ಎಚ್‌ಐವಿ ಇರುವವರ ಜೀವಕ್ಕೆ ಇವತ್ತಿಗೂ ದೊಡ್ಡ ಕಂಟಕ ಕ್ಷಯವೇ ಆದ್ದರಿಂದ ಈ ಪ್ರಶ್ನೆಗಳ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಒಂದಕ್ಕೆ ಹೌದೆಂದರೂ ಸಾಕು, ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಆದರೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ನಾಲ್ಕನೆಯದಕ್ಕೆ ಮಾತ್ರ ಹೌದೆಂದು, ಕಫದಲ್ಲಿ ಏನೂ ಸಿಗದೆ, ಎಕ್ಸ್‌-ರೇಯೂ ಚೊಕ್ಕಟವಾಗಿ ಬಂದರೆ? ‘ಟಿಬಿ ಏನಿಲ್ಲ ಬಿಡಮ್ಮ’ ಎಂಬ ಸಮಾಧಾನದ ಮಾತು ಸಿಗುತ್ತದೆ. ಅದು ನಿಜವಾದ ಸಮಾಧಾನವೇ. ಆಮೇಲೆ ಮಾತ್ರೆ ಡಬ್ಬಿ ಕೈಚೀಲಕ್ಕೆ ಹೋಗುತ್ತದೆ, ಬೆವರು ಅವಳ ಜೊತೆಯಲ್ಲೇ ಬಸ್ಸು ಹತ್ತುತ್ತದೆ.

‘ಕೊನೆಯ ಸಲ ಮುಟ್ಟಾದದ್ದು ಯಾವಾಗ?’ ಎಂಬ ಐದನೆಯ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಅದರ ಅಗತ್ಯವೂ ಇರಲಿಲ್ಲ. ಭಾರತದಲ್ಲಿ ಎಚ್‌ಐವಿ ಮೊದಲ ಸಲ ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸರ್ಕಾರ ಪುಕ್ಕಟೆಯಾಗಿ ಔಷಧ ಕೊಡತೊಡಗಿದ್ದು 2004ರ ಏಪ್ರಿಲ್‌ನಿಂದ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದು ಶುರುವಾಯಿತು. ಅದಕ್ಕೆ ಮುಂಚೆ ಈ ಸೋಂಕು ತಗುಲಿದವರು ಮುಟ್ಟು ನಿಲ್ಲುವ ವಯಸ್ಸಿಗೆ ಬದುಕಿರುತ್ತಾರೆಂದು ಯಾರೂ ಲೆಕ್ಕ ಹಾಕಿರಲಿಲ್ಲ. 2005ರ ಸುಮಾರಿಗೆ ಗಂಡನನ್ನು ಕಳೆದುಕೊಂಡೋ, ಬಸುರಿಯಾಗಿದ್ದಾಗಿನ ರಕ್ತಪರೀಕ್ಷೆಯಲ್ಲೋ ತನಗೂ ಸೋಂಕಿದೆಯೆಂದು ತಿಳಿದ ಇಪ್ಪತ್ತಾರರ ಹೆಣ್ಣುಮಗಳಿಗೆ ಈಗ ನಲವತ್ತಾರು ದಾಟಿದೆ. ಭಾರತದ ಹೆಂಗಸರಲ್ಲಿ ಋತುಬಂಧದ ಸರಾಸರಿ ವಯಸ್ಸೂ 46–47. ಪಾಶ್ಚಾತ್ಯ ದೇಶಗಳಲ್ಲಿ ಅದು 51. ಅಂದರೆ ಪುಕ್ಕಟೆ ಮಾತ್ರೆಯ ಮೊದಲ ತಲೆಮಾರು ಈಗ ಒಟ್ಟಾಗಿ ಈ ಹೊಸ್ತಿಲಿಗೆ ಬಂದು ನಿಂತಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2023ರ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 2.8 ಲಕ್ಷ. ಮಹಾರಾಷ್ಟ್ರ, ಆಂಧ್ರಪ್ರದೇಶ ಬಿಟ್ಟರೆ ನಮ್ಮದೇ ದೊಡ್ಡ ಸಂಖ್ಯೆ. ಹೆಚ್ಚುಕಡಿಮೆ ನೂರಕ್ಕೆ ನಲವತ್ತೈದು ಮಂದಿ ಹೆಂಗಸರು.

ಕೊಬ್ಬರಿ ಸೀಮೆಯಾದ ತಿಪಟೂರಿನ ಕಡೆ ಈ ವಿಷಯ ಎತ್ತಿದರೆ ಮಾತು ತಾನಾಗಿ ಬಿ.ಎಚ್. ರಸ್ತೆಗೆ, ಉತ್ತರ ಭಾರತಕ್ಕೆ ಕೊಬ್ಬರಿ ಹೊತ್ತು ಹೋಗುವ ಲಾರಿಗಳಿಗೆ, ಅವುಗಳ ಡ್ರೈವರುಗಳಿಗೆ ಹೊರಳುತ್ತದೆ. ಆ ಕತೆ ಕಟ್ಟುವುದು ಸುಲಭ; ನನಗದು ಬೇಡ. ಸೋಂಕು ಹೇಗೆ ಬಂತೆಂಬ ವಿಚಾರಣೆಯಲ್ಲೇ ಈ ಹೆಂಗಸರ ಹರೆಯವೆಲ್ಲ ಕಳೆದಿದೆ. ಅತ್ತೆ ಮನೆಯಲ್ಲಿ ಕೇಳಿದರು, ತವರಲ್ಲಿ ಕೇಳಿದರು, ಕೆಲವು ಕಡೆ ಆಸ್ಪತ್ರೆಯಲ್ಲೂ ಕೇಳಿದರು. ಈಗ ಕೇಳಬೇಕಾದ್ದು ಬೇರೆ.

ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಅಂಡಾಶಯಗಳು ಈಸ್ಟ್ರೊಜೆನ್ ಹಾರ್ಮೋನ್ ಮಾಡುವುದನ್ನು ಏರುಪೇರಾಗಿ ಕಡಿಮೆ ಮಾಡುತ್ತ ಬಂದು ಕೊನೆಗೆ ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತವೆ. ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ. ಮೈಯ ಶಾಖವನ್ನು ಹದದಲ್ಲಿಡುವ ಮಿದುಳಿನ ಕೇಂದ್ರಕ್ಕೆ ಈಸ್ಟ್ರೊಜೆನ್ ಬೇಕು. ಅದಿಲ್ಲದಾಗ ಅರ್ಧ ಡಿಗ್ರಿ ಏರಿದರೂ ಮೈಗೆ ಬೆಂಕಿ ಬಿದ್ದಂತೆ ಆ ಕೇಂದ್ರ ಗಾಬರಿಬಿದ್ದು, ಚರ್ಮದ ರಕ್ತನಾಳಗಳನ್ನು ತೆರೆದು, ಬೆವರು ಹರಿಸುತ್ತದೆ. ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬಿಸಿ ಏರುತ್ತದೆ. ಎರಡು ಮೂರು ನಿಮಿಷವಾದ ಮೇಲೆ ಚಳಿ. ‘ಮೈಯೆಲ್ಲ ಕಾವಾಯ್ತದೆ, ಬೆವರು ಕಿತ್ಕೊಂಡು ಬರ್ತದೆ’ ಎಂದು ಈ ಸೀಮೆಯ ಹೆಂಗಸರು ಹೇಳುವುದು ಇದನ್ನೇ. ಒಂದೆರಡು ತಿಂಗಳಲ್ಲಿ ಹೋಗುತ್ತದೆಂದು ಹೇಳಿ ಕಳಿಸುವವರಿದ್ದಾರೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದ 2015ರ ವರದಿಯಲ್ಲಿ ಈ ಕಾವು-ಬೆವರಿನ ಕಾಲ ನಡುಮಟ್ಟದಲ್ಲಿ ಏಳು ವರ್ಷ ಮೀರಿತ್ತು.

ಇದರ ಜೊತೆಗೆ ನಿದ್ದೆಗೇಡು, ಕೀಲುನೋವು, ಮರೆವು, ಸಿಡುಕು, ಯೋನಿಯ ಒಣಗುವಿಕೆ, ಪದೇ ಪದೇ ಉರಿಮೂತ್ರ. ಎಚ್‌ಐವಿ ಇಲ್ಲದವಳಿಗೆ ಇವೆಲ್ಲ ವಯಸ್ಸಿನವು ಎಂದು ಅವಳ ಅಕ್ಕನೋ ಓರಗಿತ್ತಿಯೋ ಹೇಳಿಬಿಡುತ್ತಾರೆ. ಎಚ್‌ಐವಿ ಇರುವವಳ ಕಷ್ಟವೇ ಬೇರೆ. ಪ್ರತಿಯೊಂದಕ್ಕೂ ಅವಳ ಬಳಿ ಇನ್ನೊಂದು ಕಾರಣ ಸಿದ್ಧವಾಗಿರುತ್ತದೆ. ಬೆವರಿದರೆ ಟಿಬಿಯ ಭಯ. ಮರೆತರೆ ಕಾಯಿಲೆ ತಲೆಗೇರಿತೇ ಎಂಬ ದಿಗಿಲು. ಮೈ ಬಿಸಿಯಾದರೆ ‘ಈ ಮಾತ್ರೆ ಹೀಟು’ ಎಂಬ ತೀರ್ಮಾನ. ಹೀಟು ಎಂದು ತೀರ್ಮಾನವಾದ ಮಾತ್ರೆಯನ್ನು ನಮ್ಮಲ್ಲಿ ಏನು ಮಾಡುತ್ತಾರೆಂದು ಗೊತ್ತೇ ಇದೆ: ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಾರೆ. ಬ್ರಿಟನ್‌ನಲ್ಲಿ 45ರಿಂದ 60 ವರ್ಷದ 869 ಎಚ್‌ಐವಿ ಪಾಸಿಟಿವ್ ಹೆಂಗಸರನ್ನು ಮಾತಾಡಿಸಿದ ಪ್ರೈಮ್ ಎಂಬ ಅಧ್ಯಯನ ಹೇಳಿದ್ದೂ ಇದಕ್ಕೆ ಹತ್ತಿರವೇ. ಋತುಬಂಧದ ತೊಂದರೆ ತೀವ್ರವಾಗಿದ್ದವರಲ್ಲಿ ಎಚ್‌ಐವಿ ಮಾತ್ರೆ ತಪ್ಪಿಸುವುದು ಹೆಚ್ಚಾಗಿತ್ತು. ಆದ್ದರಿಂದ ಇದನ್ನು ಹೆಂಗಸರ ಸಣ್ಣಪುಟ್ಟ ಕಿರಿಕಿರಿ ಎಂದು ತಳ್ಳಿಹಾಕುವ ವೈದ್ಯರು, ತಾವು ಇಪ್ಪತ್ತು ವರ್ಷ ಕಾಯ್ದುಕೊಂಡು ಬಂದ ವೈರಲ್ ಲೋಡಿನ (ರಕ್ತದಲ್ಲಿನ ವೈರಸ್ ಪ್ರಮಾಣದ) ಹತೋಟಿಯನ್ನೇ ಪಣಕ್ಕಿಡುತ್ತಿದ್ದಾರೆ ಎನ್ನುವುದು ನನ್ನ ಅಭಿಪ್ರಾಯ.

ಕೊಬ್ಬರಿ ಸೀಮೆಯಲ್ಲಿ ಈ ಕಾವಿಗೆ ಹೊರಗಿನ ಕಾವೂ ಸೇರುತ್ತದೆ. ಅಟ್ಟದ ಮೇಲೆ ವರ್ಷದ ಹತ್ತಿರ ಕೂತು ಒಣಗಿದ ಕಾಯಿ ಕೆಳಗಿಳಿದು, ಮಟ್ಟೆ ಕಳಚಿದ ಮೇಲೆ, ಉಂಡೆ ಒಡೆಯದ ಹಾಗೆ ಕರಟ ತಟ್ಟಿ ಕೊಬ್ಬರಿ ಬಿಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಪೌಡರ್ ಫ್ಯಾಕ್ಟರಿಯಲ್ಲಿ ತಿರುಳಿನ ಕಂದು ಸಿಪ್ಪೆ ಹೆರೆಯುವವರೂ ನಾರಿನ ಘಟಕಗಳಲ್ಲಿ ದುಡಿಯುವವರೂ ಬಹುಪಾಲು ಅವರೇ. ಮೇಲೆ ಶೀಟಿನ ಸೂರು. ‘ತಂಪಾದ ಕೋಣೆಯಲ್ಲಿ ಮಲಗಿ, ಬಿಸಿ ಕಾಫಿ ಬಿಡಿ, ತೆಳು ಬಟ್ಟೆ ಹಾಕಿ’ ಎಂಬ ಅಚ್ಚಿನ ಸಲಹೆಗಳು ಮಾರ್ಚ್ ತಿಂಗಳಲ್ಲಿ ಶೆಡ್ಡಿನೊಳಗೆ ಕೂತವಳಿಗೆ ಎಷ್ಟು ದಕ್ಕುತ್ತವೆ? ಇಂಥವರಿಗೆ ಕೆಲಸ ಮಾಡುವ ಔಷಧವೇ ಬೇಕು. ಕಾವು-ಬೆವರಿಗೆ, ಈಸ್ಟ್ರೊಜೆನ್ನನ್ನು ಹೊರಗಿನಿಂದ ಕೊಡುವ ಹಾರ್ಮೋನ್ ಚಿಕಿತ್ಸೆಯಷ್ಟು ಚೆನ್ನಾಗಿ ಕೆಲಸ ಮಾಡುವ ಬೇರೆ ಔಷಧ ಇಲ್ಲ.

ಬೇಗ ಮುಟ್ಟು ನಿಂತವರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕರ್ನಾಟಕ, ಆಂಧ್ರಗಳಲ್ಲಿ ನಲವತ್ತಕ್ಕೂ ಮುಂಚೆ ಮುಟ್ಟು ನಿಂತ ಹೆಂಗಸರು ಗಮನಾರ್ಹ ಸಂಖ್ಯೆಯಲ್ಲಿದ್ದಾರೆಂದು ಬೆಂಗಳೂರಿನ ನಾಗರಬಾವಿಯ ಐಸೆಕ್ ಸಂಸ್ಥೆಯ ಅಧ್ಯಯನ 2005ರಷ್ಟು ಹಿಂದೆಯೇ ತೋರಿಸಿತ್ತು. ಜೊತೆಗೆ ಗರ್ಭಕೋಶ ತೆಗೆಸಿಕೊಂಡವರು. ಕಲಬುರ್ಗಿಯ ತಾಂಡಾಗಳಲ್ಲಿ ಬೇಕಿಲ್ಲದೆಯೇ ಗರ್ಭಕೋಶ ತೆಗೆದ ಪ್ರಕರಣ ರಾಜ್ಯಕ್ಕೆಲ್ಲ ಗೊತ್ತಾಯಿತು. ತಿಪಟೂರಿನಿಂದ ಅರಸೀಕೆರೆ, ಕಡೂರು ದಾಟಿದರೆ ಸಿಗುವ ಬೀರೂರಿನದೂ ಅದೇ ಕತೆಯಾಗಿ ದಾಖಲಾಗಿದೆ. ಅಂಡಾಶಯವನ್ನೂ ಜೊತೆಗೇ ತೆಗೆದುಬಿಟ್ಟರೆ ಮೂವತ್ತೈದರ ಹೆಣ್ಣು ಒಂದೇ ದಿನದಲ್ಲಿ ಐವತ್ತರ ಮೈಗೆ ಬರುತ್ತಾಳೆ. (ಮಕ್ಕಳಾಗದ ಆಪರೇಷನ್ ಬೇರೆ. ಅದರಿಂದ ಮುಟ್ಟು ನಿಲ್ಲುವುದಿಲ್ಲ, ಕಾವೂ ಬರುವುದಿಲ್ಲ. ಆದರೂ ಈ ಎರಡನ್ನೂ ‘ಆಪರೇಷನ್’ ಎಂದಷ್ಟೇ ಹೇಳಿ ವೈದ್ಯರನ್ನು ದಾರಿ ತಪ್ಪಿಸುವವರು ತುಂಬ.) ಇನ್ನು ಎಚ್‌ಐವಿ ತಾನೇ ಮುಟ್ಟನ್ನು ಬೇಗ ನಿಲ್ಲಿಸುತ್ತದೆಯೇ ಎಂಬುದಕ್ಕೆ ಸಂಶೋಧನೆಗಳ ಉತ್ತರ ಒಂದೇ ತೆರನಾಗಿಲ್ಲ. ಕೆನಡಾದಲ್ಲಿ 229 ಮಂದಿಯನ್ನು ನೋಡಿದ ಅಧ್ಯಯನದಲ್ಲಿ ನಡುಮಟ್ಟದ ವಯಸ್ಸು 48 ಆಗಿತ್ತು, ಅಲ್ಲಿನ ಇತರರಿಗಿಂತ ಮೂರು ವರ್ಷ ಮುಂಚೆ. ನೂರಕ್ಕೆ ಸುಮಾರು ಮೂವತ್ತು ಮಂದಿಗೆ ನಲವತ್ತೈದಕ್ಕೆ ಮೊದಲೇ ನಿಂತಿತ್ತು. ಹೀಗೆ ಬೇಗ ನಿಂತವರಿಗೆ ಹಾರ್ಮೋನ್ ಎಂದರೆ ಬೆವರು ನಿಲ್ಲಿಸುವ ಸೌಕರ್ಯ ಮಾತ್ರವಲ್ಲ. ಮೂಳೆ, ಹೃದಯ ಎರಡಕ್ಕೂ ಅದು ಬೇಕು. ತಡೆಯುವ ಕಾರಣ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೆಲ್ಲ ಹೇಳುತ್ತವೆ.

ಹಾಗಾದರೆ ಹಾರ್ಮೋನ್ ಎಂದರೆ ವೈದ್ಯರೂ ಯಾಕೆ ಅಂಜುತ್ತಾರೆ? ಅದಕ್ಕೆ 2002ಕ್ಕೆ ಹೋಗಬೇಕು. ಅದಕ್ಕೆ ಅರವತ್ತು ವರ್ಷ ಹಿಂದೆ, 1942ರಲ್ಲಿ, ಬಸುರಿ ಕುದುರೆಯ ಗಂಜಲದಿಂದ ತೆಗೆದ ಈಸ್ಟ್ರೊಜೆನ್ ಪ್ರೆಮರಿನ್ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಮುಪ್ಪನ್ನೇ ತಡೆಯುವ ಮದ್ದು ಎಂದೆಲ್ಲ ಮೆರೆದಿತ್ತು. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಬೃಹತ್ ಪ್ರಯೋಗ 16,608 ಹೆಂಗಸರಿಗೆ ಈಸ್ಟ್ರೊಜೆನ್-ಪ್ರೊಜೆಸ್ಟಿನ್ ಜೋಡಿಯನ್ನೋ ಹುಸಿಮಾತ್ರೆಯನ್ನೋ ಕೊಟ್ಟು ನೋಡುತ್ತಿತ್ತು. ಅದನ್ನು 2002ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತಿವೆ ಎಂಬುದು ಕಾರಣ. ಎಷ್ಟು ಹೆಚ್ಚು? ಹತ್ತು ಸಾವಿರ ಹೆಂಗಸರು ಒಂದು ವರ್ಷ ಸೇವಿಸಿದರೆ ಸ್ತನ ಕ್ಯಾನ್ಸರ್ ಎಂಟು, ಪಾರ್ಶ್ವವಾಯು ಎಂಟು, ಹೃದಯದ ತೊಂದರೆ ಏಳು ಹೆಚ್ಚು. ತೊಡೆಮೂಳೆಯ ಮುರಿತ ಐದು ಕಡಿಮೆ. ಪತ್ರಿಕೆಗಳಲ್ಲಿ ಈ ಸಣ್ಣ ಅಂಕಿಗಳು ಬರಲಿಲ್ಲ, ಶೇಕಡಾವಾರು ಬಂತು, ಪ್ರಪಂಚವೇ ಹೆದರಿತು. ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63 ಎಂಬುದನ್ನು ಬಹಳ ಜನ ಗಮನಿಸಲೇ ಇಲ್ಲ. ಮುಟ್ಟು ನಿಂತು ಹತ್ತು ಹದಿನೈದು ವರ್ಷ ಕಳೆದವರ ಫಲಿತಾಂಶವನ್ನು ನಲವತ್ತೇಳರವಳಿಗೆ ತಂದು ಹಚ್ಚಿದ್ದಾಯಿತು. ಆಮೇಲಿನ ವಿಶ್ಲೇಷಣೆಗಳ ಸಾರ ಇಷ್ಟು: ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ, ತಡೆಯುವ ಕಾರಣಗಳಿಲ್ಲದ ಬಹುತೇಕರಿಗೆ ಲಾಭವೇ ಹೆಚ್ಚು. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೊಜೆನ್ ಒಂದೇ ಸಾಕು. ಅದೇ ಪ್ರಯೋಗದಲ್ಲಿ ಹಾಗೆ ಈಸ್ಟ್ರೊಜೆನ್ ಒಂದನ್ನೇ ಪಡೆದ ಬೇರೆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೇ ಇಲ್ಲ. ಅಷ್ಟರಲ್ಲಿ ಒಂದು ತಲೆಮಾರಿನ ವೈದ್ಯರು ಹಾರ್ಮೋನ್ ಬರೆಯುವುದನ್ನೇ ಬಿಟ್ಟಿದ್ದರು.

ಎಚ್‌ಐವಿ ಇರುವವರ ವಿಷಯದಲ್ಲಿ ಇದಕ್ಕೆ ಇನ್ನೊಂದು ಭಯ ಸೇರಿಕೊಂಡಿತು: ಔಷಧಕ್ಕೆ ಔಷಧ ಕೂಡಿಬರುತ್ತದೆಯೇ? ಒಂದು ಕಾಲಕ್ಕೆ ಈ ಅನುಮಾನದಲ್ಲಿ ಹುರುಳಿತ್ತು. ನಮ್ಮ ಎಆರ್‌ಟಿ ಕೇಂದ್ರಗಳು ಮೊದಲು ಕೊಟ್ಟದ್ದು ನೆವಿರಾಪಿನ್ ಇರುವ ಮಾತ್ರೆ, ಆಮೇಲೆ ಎಫಾವಿರೆಂಜ್ ಇರುವುದು. ಇವೆರಡೂ ಯಕೃತ್ತಿನ ಕಿಣ್ವಗಳನ್ನು ಕೆರಳಿಸುತ್ತವೆ. ಕಣಕ್ಕೆ ದುಪ್ಪಟ್ಟು ಆಳು ಹಚ್ಚಿದರೆ ಸಂಜೆಗೆ ಮುಗಿಯಬೇಕಾದ ರಾಶಿ ಮಧ್ಯಾಹ್ನಕ್ಕೇ ಕರಗುವ ಹಾಗೆ, ನುಂಗಿದ ಈಸ್ಟ್ರೊಜೆನ್ ಮೈಗೆ ದಕ್ಕುವ ಮುಂಚೆಯೇ ಕರಗಿಹೋಗುತ್ತಿತ್ತು. ಎಫಾವಿರೆಂಜ್‌ನದು ಇನ್ನೊಂದು ಉಪಟಳ. ಕೆಟ್ಟ ಕನಸು, ನಿದ್ದೆಗೇಡು ಅದರ ಸ್ವಂತ ಅಡ್ಡಪರಿಣಾಮಗಳೇ ಆದ್ದರಿಂದ, ರಾತ್ರಿ ಎಚ್ಚರವಾಗುವುದು ಮುಟ್ಟು ನಿಲ್ಲುವುದರಿಂದಲೋ ಮಾತ್ರೆಯಿಂದಲೋ ಹೇಳುವುದೇ ಕಷ್ಟವಾಗಿತ್ತು.

2020ರ ನಂತರ ಪರಿಸ್ಥಿತಿ ಬದಲಾಗಿದೆ. ಈಗ ಹೆಚ್ಚಿನವರು ನುಂಗುತ್ತಿರುವುದು ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ. ಡೊಲುಟೆಗ್ರಾವಿರ್ ಆ ಕಿಣ್ವಗಳ ತಂಟೆಗೆ ಹೋಗುವುದಿಲ್ಲ. ಈಸ್ಟ್ರೊಜೆನ್ ಪಾಡಿಗೆ ಈಸ್ಟ್ರೊಜೆನ್, ಟಿಎಲ್‌ಡಿ ಪಾಡಿಗೆ ಟಿಎಲ್‌ಡಿ ಕೆಲಸ ಮಾಡುತ್ತವೆ. ಹತ್ತು ವರ್ಷದ ಹಿಂದೆ ‘ನಿಮಗೆ ಹಾರ್ಮೋನ್ ಆಗಿಬರಲ್ಲ’ ಎಂದು ಯಾರಾದರೂ ಹೇಳಿದ್ದರೆ ಅವತ್ತಿನ ಮಾತ್ರೆಗೆ ಅದು ಸರಿಯಿದ್ದಿರಬಹುದು. ಇವತ್ತಿನ ಮಾತ್ರೆಗೆ ಅದು ಹಳೆಯ ಮಾತು. ಎರಡನೇ ಸಾಲಿನ ಚಿಕಿತ್ಸೆಯಲ್ಲಿ ಅಟಜನಾವಿರ್-ರಿಟೊನಾವಿರ್ ತೆಗೆದುಕೊಳ್ಳುವವರಿಗೆ ಮಾತ್ರ ಎಚ್ಚರಿಕೆ ಬೇಕು. ರಿಟೊನಾವಿರ್ ಈಸ್ಟ್ರೊಜೆನನ್ನು ತಗ್ಗಿಸಬಹುದು, ಕೆಲವು ಪ್ರೊಜೆಸ್ಟಿನ್‌ಗಳನ್ನು ಏರಿಸಬಹುದು. ಕೊಡಬಾರದೆಂದಲ್ಲ, ಕಡಿಮೆಯಿಂದ ಶುರು ಮಾಡಿ, ಗುಣ ನೋಡಿ, ಪ್ರಮಾಣ ಹೊಂದಿಸಬೇಕು. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಹಾರ್ಮೋನ್‌ನಿಂದ ಹೆಚ್ಚು ನಿರೀಕ್ಷೆ ಬೇಡ, ಅದೂ ಕಿಣ್ವ ಕೆರಳಿಸುವ ಔಷಧವೇ. ಯಾವುದು ಯಾವುದಕ್ಕೆ ಕೂಡಿಬರುತ್ತದೆಂದು ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಪಟ್ಟಿ ಕೊಟ್ಟಿದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಮೊಬೈಲಿನಲ್ಲೂ ಅದು ತೆರೆಯುತ್ತದೆ.

ಹಾರ್ಮೋನ್ ಕೊಡುವ ರೀತಿಗಳು ಹಲವು. ಗುಳಿಗೆ ಹೊಟ್ಟೆಯ ಮೂಲಕ ಯಕೃತ್ತಿಗೆ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು. ತೋಳಿಗೋ ತೊಡೆಗೋ ಹಚ್ಚುವ ಜೆಲ್ ಚರ್ಮದಿಂದ ನೇರ ರಕ್ತಕ್ಕಿಳಿಯುವುದರಿಂದ ಆ ಅಪಾಯ ಕಡಿಮೆ. ಎಚ್‌ಐವಿ ಇರುವವರಲ್ಲಿ ಹೃದಯದ ಕಾಯಿಲೆ ಮೊದಲೇ ಹೆಚ್ಚು, ಹಾಗಾಗಿ ಅವರಿಗೆ ಜೆಲ್ಲೇ ವಾಸಿ ಎನ್ನುವ ತಜ್ಞರ ಮಾತಿನಲ್ಲಿ ಅರ್ಥವಿದೆ. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಡುವಂತಿಲ್ಲ. ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗುತ್ತದೆ. ಜೊತೆಗೆ ಪ್ರೊಜೆಸ್ಟರಾನ್ ಅಥವಾ ಅದರ ಕೃತಕ ರೂಪವಾದ ಪ್ರೊಜೆಸ್ಟಿನ್ ಬೇಕೇ ಬೇಕು.

ಈ ಪ್ರೊಜೆಸ್ಟರಾನ್ ಕೊಡುವ ಕ್ರಮದಲ್ಲಿ ಈ ಸೀಮೆಗೆ ಬಹಳ ಮುಖ್ಯವಾದದ್ದೊಂದಿದೆ, ಪಠ್ಯಪುಸ್ತಕದಲ್ಲಿ ಅದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ತಿಂಗಳಲ್ಲಿ ಹತ್ತು ಹದಿನಾಲ್ಕು ದಿನ ಮಾತ್ರ ಕೊಟ್ಟರೆ ನಿಂತ ಮುಟ್ಟು ತಿಂಗಳು ತಿಂಗಳು ಮರಳಿ ಬರುತ್ತದೆ. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಶಿರಾ, ಗುಬ್ಬಿಯ ಸುತ್ತ ಕಾಡುಗೊಲ್ಲರ ಹಟ್ಟಿಗಳಿವೆ. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಅಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಬಯಲಲ್ಲಿ ಮಲಗಬಾರದೆಂದು ಸರ್ಕಾರ ಕೃಷ್ಣ ಕುಟೀರಗಳನ್ನು ಕಟ್ಟಿಸಿಕೊಟ್ಟಿತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಲಲ್ಲಿದ್ದ ಬಾಣಂತಿಯ ಕೂಸು ತೀರಿಕೊಂಡಾಗ ರಾಜ್ಯವೆಲ್ಲ ಅತ್ತ ನೋಡಿತು. ಹಟ್ಟಿ ಮಾತ್ರ ಯಾಕೆ, ಪೇಟೆಯ ಎಷ್ಟೋ ಮನೆಗಳಲ್ಲೂ ಆ ಮೂರು ದಿನ ದೇವರ ಮನೆ, ಅಡಿಗೆ ಮನೆ ದೂರವೇ. ಇಂಥ ಕಡೆ ಮುಟ್ಟು ನಿಂತಿತೆಂದರೆ ದೊಡ್ಡ ಬಿಡುಗಡೆ. ಕಾವನ್ನು ಹಲ್ಲು ಕಚ್ಚಿ ಸಹಿಸುವವರು ಈ ಬಿಡುಗಡೆಗಾಗಿಯೇ ಸಹಿಸುತ್ತಾರೆ. ಅಂಥವಳಿಗೆ ಒಂದು ಮಾತೂ ಹೇಳದೆ, ಮುಟ್ಟು ಮರಳಿ ಬರುವ ಕ್ರಮದಲ್ಲಿ ಹಾರ್ಮೋನ್ ಬರೆದುಕೊಟ್ಟರೆ ಎರಡನೇ ತಿಂಗಳು ಅವಳು ಆ ಚೀಟಿಯನ್ನು ಒಲೆಗೆ ಹಾಕುತ್ತಾಳೆ. ನಾನದನ್ನು ತಪ್ಪು ಎನ್ನಲಾರೆ. ಮುಟ್ಟು ನಿಂತು ವರ್ಷ ಕಳೆದವರಿಗೆ ಎರಡೂ ಹಾರ್ಮೋನನ್ನು ದಿನವೂ ಬಿಡದೆ ಕೊಡುವ ಕ್ರಮವಿದೆ. ಅದರಲ್ಲಿ ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ಕಂಡರೂ ಆಮೇಲೆ ರಕ್ತಸ್ರಾವ ಸಾಮಾನ್ಯವಾಗಿ ನಿಂತೇಹೋಗುತ್ತದೆ. ಇನ್ನೂ ಆಗೀಗ ಮುಟ್ಟಾಗುತ್ತಿರುವವರಿಗೆ ಮಾತ್ರ ಮೊದಲಿನ ಕ್ರಮವೇ ಸರಿ. ಅದನ್ನು ಮುಂಚೆಯೇ ಬಿಡಿಸಿ ಹೇಳಬೇಕು.

ಇನ್ನೊಂದು ಮಾತು ತೆಂಗಿನ ಸೀಮೆಯಲ್ಲೇ ಹೇಳಬೇಕಾದ್ದು. ಯೋನಿ ಒಣಗಿ ಗಂಡನ ಜೊತೆ ಸೇರುವಾಗ ನೋವಾಗುವವರಿಗೆ ಮನೆಯಲ್ಲೇ ಉಪಾಯವಿದೆ, ಕೊಬ್ಬರಿ ಎಣ್ಣೆ. ಮೈಗೆ ಕೆಟ್ಟದ್ದೇನಲ್ಲ. ಆದರೆ ಯಾವ ಎಣ್ಣೆಯೇ ಆಗಲಿ, ನಿಮಿಷಗಳಲ್ಲಿ ರಬ್ಬರಿನ ಕಾಂಡೋಮನ್ನು ಸಡಿಲ ಮಾಡಿ ಹರಿಯುವಂತೆ ಮಾಡುತ್ತದೆ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿ ನಿಂತಿದ್ದರೆ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬುದು ಈಗ ಸಿದ್ಧವಾದ ಸಂಗತಿ. ಆದರೂ ಬೇರೆ ಕಾರಣಗಳಿಗೆ ಕಾಂಡೋಮ್ ಬಳಸುವವರು ಎಣ್ಣೆ ಬಿಟ್ಟು ನೀರಿನಾಧಾರದ ಜೆಲ್ ಕೇಳಿ ಪಡೆಯಬೇಕು. ನಿಜವಾದ ಪರಿಹಾರ ಒಳಗೆ ಹಚ್ಚುವ ಈಸ್ಟ್ರಿಯಾಲ್ ಮುಲಾಮು. ಹಚ್ಚಿದ ಜಾಗ ಬಿಟ್ಟು ರಕ್ತಕ್ಕೆ ಇಳಿಯುವುದು ತೀರಾ ಅಲ್ಪವಾದ್ದರಿಂದ ಯಾವ ಎಚ್‌ಐವಿ ಮಾತ್ರೆಯೊಂದಿಗೂ ಅದಕ್ಕೆ ಜಗಳವಿಲ್ಲ. ಪದೇ ಪದೇ ಬರುವ ಉರಿಮೂತ್ರವೂ ಎಷ್ಟೋ ಜನಕ್ಕೆ ಇದರಿಂದಲೇ ಹತೋಟಿಗೆ ಬರುತ್ತದೆ. ಆದರೆ ಕೆಲವು ಮುಲಾಮುಗಳ ಜಿಡ್ಡೂ ರಬ್ಬರಿಗೆ ಆಗದು, ಕೇಳಿ ತಿಳಿದುಕೊಳ್ಳಿ.

ಮೂಳೆಯ ಮೇಲೆ ಎಚ್‌ಐವಿಯ ಹೊರೆ, ಟೆನೊಫೊವಿರ್‌ನ ಹೊರೆ, ಈಸ್ಟ್ರೊಜೆನ್ ಇಲ್ಲದ ಹೊರೆ ಮೂರೂ ಒಟ್ಟಿಗೆ ಬೀಳುತ್ತವೆ. ಅದಕ್ಕೇ ಕ್ಯಾಲ್ಸಿಯಂ ಗುಳಿಗೆ ಬರೆಯುತ್ತಾರೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಹೊಟ್ಟೆಯಲ್ಲಿ ಡೊಲುಟೆಗ್ರಾವಿರನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಊಟದ ಜೊತೆ ಎರಡನ್ನೂ ಒಟ್ಟಿಗೆ ನುಂಗಿದರೆ ತೊಂದರೆಯಿಲ್ಲ. ಬರಿ ಹೊಟ್ಟೆಯಲ್ಲಾದರೆ ಟಿಎಲ್‌ಡಿ ಮೊದಲು, ಕನಿಷ್ಠ ಎರಡು ಗಂಟೆ ಬಿಟ್ಟು ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮೊದಲಾದರೆ ಆರು ಗಂಟೆ ಅಂತರ ಬೇಕು. ಎದೆಯುರಿಗೆ ಅಂಗಡಿಯಿಂದ ತಂದು ಕುಡಿಯುವ ಆ್ಯಂಟಾಸಿಡ್‌ಗೆ ಊಟದ ಜೊತೆಯಲ್ಲೂ ಇದೇ ಅಂತರ ಪಾಲಿಸಬೇಕು. ಮುದ್ದೆಯಲ್ಲಿರುವ ಕ್ಯಾಲ್ಸಿಯಂಗೆ ಈ ಕಟ್ಟುಪಾಡು ಯಾವುದೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಧಾರಾಳವಾಗಿ ಉಣ್ಣಬಹುದು. ಹೃದಯದ ವಿಷಯದಲ್ಲೂ ಹೊಸ ತಿಳಿವಳಿಕೆ ಬಂದಿದೆ. ಭಾರತವೂ ಸೇರಿ 12 ದೇಶಗಳ 7,769 ಎಚ್‌ಐವಿ ಪಾಸಿಟಿವ್ ಜನರ ಮೇಲೆ ನಡೆದು 2023ರಲ್ಲಿ ಹೊರಬಂದ ರಿಪ್ರೀವ್ ಪ್ರಯೋಗದಲ್ಲಿ, ಪಿಟವಾಸ್ಟಾಟಿನ್ ಮಾತ್ರೆ ಹೃದಯಾಘಾತದಂಥ ಘಟನೆಗಳನ್ನು ಶೇ 35ರಷ್ಟು ತಗ್ಗಿಸಿತು. ಹೃದಯ ಉಳಿಸಲೆಂದು ಐವತ್ತು ದಾಟಿದವರಿಗೆ ಹಾರ್ಮೋನ್ ಕೊಡುವುದಿಲ್ಲ. ಅದಕ್ಕೆ ಇಂಥ ಮಾತ್ರೆ, ಬಿಪಿ-ಸಕ್ಕರೆಯ ನಿಗಾ ಬೇರೆಯೇ ಇವೆ.

ಎಲ್ಲರಿಗೂ ಹಾರ್ಮೋನ್ ಸಲ್ಲದು. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಹೊಡೆದವರು, ಹೆಪಟೈಟಿಸ್‌ನಿಂದ ಯಕೃತ್ತು ಕೆಟ್ಟಿರುವವರು ದೂರವಿರಬೇಕು. ಅವರಿಗೆ ಖಿನ್ನತೆಯ ಕೆಲವು ಮಾತ್ರೆಗಳ ಸಣ್ಣ ಪ್ರಮಾಣ, ಗ್ಯಾಬಪೆಂಟಿನ್ ಇತ್ಯಾದಿ ಇವೆ. ಕಾವು ಪೂರ್ತಿ ಹೋಗದಿದ್ದರೂ ತಗ್ಗುತ್ತದೆ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಅದರ ಕಾರಣ ತಿಳಿಯುವ ತನಕ ಹಾರ್ಮೋನ್ ಇಲ್ಲ. ಎಚ್‌ಐವಿ ಇರುವವರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು. ಹಾರ್ಮೋನ್ ಶುರುವಿನ ತಿಂಗಳುಗಳಲ್ಲಿ ಕಾಣುವುದನ್ನು ಬಿಟ್ಟರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ದೇಹದ ಉಷ್ಣ ಎಂದುಕೊಂಡು ಕೂರದೆ, ಅದೇ ವಾರ ಒಳಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಷ್ಟೆಲ್ಲ ತಿಳಿದಿದ್ದರೂ ಔಷಧ ಹೆಂಗಸರಿಗೆ ಯಾಕೆ ತಲುಪುವುದಿಲ್ಲ? ಹೆಚ್ಚು ಅನುಕೂಲವಿರುವ ಬ್ರಿಟನ್ನಿನಲ್ಲೇ, ಮೊದಲು ಹೇಳಿದ ಪ್ರೈಮ್ ಅಧ್ಯಯನದಲ್ಲಿ, ಕಾವು-ಬೆವರು ಇದ್ದವರ ಪೈಕಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ನೂರಕ್ಕೆ ಎಂಟು ಮಂದಿ. ಅಲ್ಲೂ ಇಲ್ಲೂ ಗೋಜಲು ಒಂದೇ: ಎಚ್‌ಐವಿ ವೈದ್ಯರು ‘ಇದು ಹೆಂಗಸರ ಡಾಕ್ಟರ ಕೆಲಸ’ ಎನ್ನುತ್ತಾರೆ, ಹೆಂಗಸರ ಡಾಕ್ಟರು ‘ನಿಮ್ಮ ಎಆರ್‌ಟಿಯವರನ್ನೇ ಕೇಳಿ’ ಎನ್ನುತ್ತಾರೆ. ನಮ್ಮಲ್ಲಿ ಇದರ ಜೊತೆಗೆ ಗುಟ್ಟಿನ ಪ್ರಶ್ನೆಯಿದೆ. ತನ್ನೂರಿನ ಹತ್ತಿರದ ಆಸ್ಪತ್ರೆಯಲ್ಲಿ ಗುರುತಿನವರು ಸಿಗುತ್ತಾರೆಂದು ದೂರದ ಕೇಂದ್ರವನ್ನೇ ಆರಿಸಿಕೊಂಡವರಿದ್ದಾರೆ. ತಿಪಟೂರಿನಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಸುಮಾರು 70 ಕಿ.ಮೀ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ದಿನದ ಕೂಲಿ ಹೋಗುವುದು ತಪ್ಪಿಲ್ಲ. ಅದೇ ದಿನ, ಅದೇ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೂ ಒಂದು ಚೀಟಿ ಬರೆದುಕೊಟ್ಟರೆ ಎರಡನೇ ದಿನದ ಕೂಲಿಯಾದರೂ ಉಳಿಯುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಯಾರೂ ಇವರ ಸ್ಥಿತಿಯನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಆಸ್ಪತ್ರೆಯಲ್ಲಿ ಭೇದ ಮಾಡುವಂತೆಯೂ ಇಲ್ಲ. ಹಾರ್ಮೋನ್ ಬರೆಯುವ ವೈದ್ಯರಿಗೆ ಮಾತ್ರ ತಾನು ಯಾವ ಮಾತ್ರೆ ನುಂಗುತ್ತಿದ್ದೇನೆಂದು ತಿಳಿಸುವುದು ಅವಳಿಗೇ ಒಳ್ಳೆಯದು. ಎಆರ್‌ಟಿ ಕೇಂದ್ರ ಕೊಟ್ಟ ಪುಸ್ತಕವನ್ನು ಒಯ್ದರೆ ಬಾಯಿಬಿಟ್ಟು ಹೇಳುವ ಕಷ್ಟವೂ ಇರುವುದಿಲ್ಲ.

ನನಗೆ ಕಾಣುವಂತೆ ಇದಕ್ಕೆ ಹೊಸ ಯೋಜನೆ, ಹೊಸ ಕಟ್ಟಡ ಬೇಕಿಲ್ಲ. ರಾತ್ರಿ ಬೆವರಿನ ಪ್ರಶ್ನೆ ಈಗಾಗಲೇ ಪಟ್ಟಿಯಲ್ಲಿದೆ, ಕೇಳುವ ಆಪ್ತಸಮಾಲೋಚಕರೂ ಇದ್ದಾರೆ, ಎದುರಿಗೆ ಕೂತವಳು ಇಪ್ಪತ್ತು ವರ್ಷದಿಂದ ಅವರಿಗೆ ಉತ್ತರ ಕೊಡುತ್ತಲೇ ಇದ್ದಾಳೆ. ನಲವತ್ತು ದಾಟಿದವರಿಗೆ ಮುಟ್ಟಿನ ಪ್ರಶ್ನೆಯೊಂದನ್ನು ಸೇರಿಸಲು ಒಂದು ಸುತ್ತೋಲೆ ಸಾಕು. ದುಡ್ಡು ಬೇಕಾಗುವುದು ಮುಂದಿನ ಹೆಜ್ಜೆಗೆ. ಎಆರ್‌ಟಿ ಕೇಂದ್ರದ ಕಪಾಟಿನಲ್ಲಿ ಎಚ್‌ಐವಿ ಮಾತ್ರೆಯಿದೆ, ಅವಕಾಶವಾದಿ ಸೋಂಕುಗಳ ಔಷಧವಿದೆ. ಈಸ್ಟ್ರೊಜೆನ್ ಜೆಲ್ಲನ್ನೂ ಈಸ್ಟ್ರಿಯಾಲ್ ಮುಲಾಮನ್ನೂ ಕೂಲಿಯವಳು ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ತನ್ನ ದುಡ್ಡಿನಿಂದ ಕೊಳ್ಳಬೇಕು. ಎಲ್ಲವನ್ನೂ ಒಮ್ಮೆಗೇ ಕೊಡಲು ಆಗದಿದ್ದರೆ ನಲವತ್ತೈದಕ್ಕೆ ಮುಂಚೆ ಮುಟ್ಟು ನಿಂತವರಿಂದ ಶುರು ಮಾಡಬಹುದು. ಅವರ ಸಂಖ್ಯೆ ಕಡಿಮೆ, ಅಗತ್ಯ ಎಲ್ಲರಿಗಿಂತ ಹೆಚ್ಚು, ಮತ್ತು ಅವರೆಲ್ಲರ ವಯಸ್ಸು ಕೇಂದ್ರದ ಕಂಪ್ಯೂಟರಿನಲ್ಲಿ ಈಗಾಗಲೇ ದಾಖಲಾಗಿದೆ.